ಟೈರಿಗೆ ಕಿವಿ ಕೊಟ್ಟವನು

ನಮ್ಮವ್ವ ಕೊಂಡ್ಲಹಳ್ಳಿಯ ಮನೆಯ ಜಗಲಿಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನನ್ನ ಹೊಸ ಕೆಲಸ ಏನೆಂದು ಕೇಳಿದಳು. ಮನಸ್ಸಿನ ಕಾಯಿಲೆಯಲ್ಲಿ ಯಾರಿಗಾದರೂ ಪೆಟ್ಟು ಮಾಡಿದವರು ಚಿಕಿತ್ಸೆಯಾದ ಮೇಲೆ ಮತ್ತೆ ಹಾಗೆ ಮಾಡುತ್ತಾರೋ ಇಲ್ಲವೋ ಎಂದು ಅಳೆಯುವ ಸಂಶೋಧನೆ ಅಂದೆ. ಅವ್ವನ ಕೈ ನಿಲ್ಲಲಿಲ್ಲ. "ಅಳೀತೀಯ, ಸರಿ. ಸೇರು ಎಲ್ಲೈತೆ?" ಅಂದಳು.

ಸೇರು ನನ್ನ ಚೀಲದಲ್ಲೇ ಇತ್ತು. ಹೊರದೇಶದವರು ಮಾಡಿದ ಪ್ರಶ್ನಾವಳಿ, ನಾವು ಕನ್ನಡಕ್ಕೆ ತಂದದ್ದು, ಎಂಟು ಹಾಳೆ. ಒಂದೊಂದು ಪ್ರಶ್ನೆಗೂ ಸೊನ್ನೆ, ಒಂದು ಇಲ್ಲವೇ ಎರಡು. ಕೂಡಿಸಿದರೆ ಮನುಷ್ಯನ ಅಪಾಯ ಕಡಿಮೆಯೋ ಮಧ್ಯಮವೋ ಹೆಚ್ಚೋ ಗೊತ್ತಾಗುತ್ತದೆ ಎಂದು ನಂಬಿದ್ದೆವು. ಅದು ತೊಂಬತ್ತರ ದಶಕದ ಕೊನೆ. ನನಗೆ ಇಪ್ಪತ್ತೇಳು, ಓದಿದ್ದು ತಲೆಗೇರಿತ್ತು. ಆ ಎಂಟು ಹಾಳೆಯ ಮೇಲೆ ನನಗಿದ್ದ ಭಕ್ತಿ ಅವ್ವನಿಗೆ ಮನೆದೇವರ ಮೇಲೂ ಇರಲಿಲ್ಲ.

ಮೊದಲು ಸಿಕ್ಕವನು ಚಳ್ಳಕೆರೆಯ ಒಬ್ಬ ಮೆಕ್ಯಾನಿಕ್. ಎಣ್ಣೆ ಮಿಲ್ಲುಗಳ ಲಾರಿ ಬಂದು ನಿಲ್ಲುವ ರಸ್ತೆಯಲ್ಲಿ ಅಣ್ಣ ತಮ್ಮ ಇಬ್ಬರೂ ಸೇರಿ ಗ್ಯಾರೇಜು ನಡೆಸುತ್ತಿದ್ದರು. ಎರಡು ವರ್ಷದ ಹಿಂದೆ ತಮ್ಮನಿಗೆ ತಲೆ ಕೆಟ್ಟು, ನಟ್ಟು ಬಿಚ್ಚುವ ದೊಡ್ಡ ಪಾನಾ ತಗೊಂಡು ಅಣ್ಣನ ತಲೆಗೇ ಬಾರಿಸಿದ್ದ. ಅಣ್ಣ ಬದುಕಿದ್ದೇ ಹೆಚ್ಚು. ನ್ಯಾಯಾಲಯ ತಮ್ಮನನ್ನು ಆಸ್ಪತ್ರೆಗೆ ಕಳಿಸಿತ್ತು. ಗುಣವಾಯಿತೆಂದು ಈಗ ಮೂರು ತಿಂಗಳ ಮಟ್ಟಿಗೆ ಮನೆಗೆ ಬಿಟ್ಟಿದ್ದರು. ಅದು ಮುಗಿಯುವಾಗ ನನ್ನ ವರದಿ ವೈದ್ಯರ ಮುಂದೆ ಹೋಗಬೇಕು. ಅದರಲ್ಲಿ ಹೆಚ್ಚು ಎಂದು ಬಂದರೆ ಅವನು ಮತ್ತೆ ವಾರ್ಡಿಗೆ. ಇದು ಅಣ್ಣನಿಗೂ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು.

ಮೊದಲ ದಿನ ಗ್ಯಾರೇಜಿನಲ್ಲಿ ನಾನು ಭಯವಿಲ್ಲದವಳ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತೆ. ಕೂತದ್ದು ಮಾತ್ರ ರಸ್ತೆಗೆ ಹತ್ತಿರದ ಸ್ಟೂಲಿನ ಮೇಲೆ. "ಕೈಗೆ ಸಿಗುವಂತೆ ಆಯುಧಗಳಿವೆಯೇ?" ಎಂದು ಅಣ್ಣನನ್ನು ಕೇಳಿದೆ. ಆತ ಸುತ್ತ ನೋಡಿದ. ಗೋಡೆ ತುಂಬ ಪಾನಾ, ನೆಲದ ತುಂಬ ಸುತ್ತಿಗೆ, ಸರಳು.

"ಇಲ್ಲಿ ಆಯುಧ ಅಲ್ಲದ್ದು ಅಂದ್ರೆ ಟೀ ಗ್ಲಾಸ್ ಒಂದೇ ಮೇಡಂ. ಅದೂ ಒಡೆದ್ರೆ ಆಯುಧಾನೇ," ಅಂದ.

ನಾನು ನಗಲಿಲ್ಲ. ಎರಡು ಹಾಕಿದೆ.

ತಮ್ಮ ಸಣಕಲು ಆಸಾಮಿ. ನನ್ನ ಪ್ರಶ್ನೆಗಳಿಗೆ ಹ್ಞೂಂ, ಉಹೂಂ ಬಿಟ್ಟರೆ ಬೇರೆ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಒಂದು ಲಾರಿ ಬಂದು ನಿಂತಿತು. ನಾನು ಪ್ರಶ್ನೆ ಓದುತ್ತಿರುವಾಗಲೇ ಎದ್ದು ಹೋದ. ಕಬ್ಬಿಣದ ರಾಡು ಎತ್ತಿಕೊಂಡು ಚಕ್ರಕ್ಕೆ ಫಟ್ಟೆಂದು ಬಾರಿಸಿದ. ನನ್ನ ಪೆನ್ನು ಕೈಯಿಂದ ಬಿತ್ತು. ಅವನು ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಏನನ್ನೋ ಕೇಳಿಸಿಕೊಳ್ಳುತ್ತ ನಿಂತ. ತುಟಿ ಅಲುಗಿತು. ಮತ್ತೆ ಬಾರಿಸಿದ, ಮತ್ತೆ ಕೇಳಿಸಿಕೊಂಡ. ಹೀಗೆ ಲಾರಿಯ ಸುತ್ತ ಒಂದು ಪ್ರದಕ್ಷಿಣೆ.

ನಾನು ಬರೆದುಕೊಂಡೆ: ಇದ್ದಕ್ಕಿದ್ದಂತೆ ಎದ್ದು ವಸ್ತುಗಳಿಗೆ ಹೊಡೆಯುತ್ತಾನೆ, ಬೇರೆಯವರಿಗೆ ಕೇಳಿಸದ ದನಿಗೆ ಕಿವಿಗೊಡುತ್ತಾನೆ. ಅದಕ್ಕೆ ಎರಡು, ಇದಕ್ಕೆ ಎರಡು. ಅಲ್ಲೇ ಕೂಡಿಸಿ ನೋಡಿದೆ. ಹೆಚ್ಚು.

"ಪಾಸಾ ಮೇಡಂ?" ಅಂತ ಅಣ್ಣ ಕೇಳಿದ. ಅದನ್ನೆಲ್ಲ ಹೇಳುವಂತಿಲ್ಲ ಅಂದೆ. ಆತ ಬಟ್ಟೆಗೆ ಕೈ ಒರೆಸಿಕೊಂಡು ಲಾರಿಯ ಕಡೆ ಹೋದ.

ಸಂಜೆ ಊರಿಗೆ ಹೋಗುವ ಮೊಳಕಾಲ್ಮುರು ಬಸ್ಸು ದಾರಿಯಲ್ಲಿ ಟೀ ಅಂಗಡಿ ಮುಂದೆ ನಿಂತಿತು. ಡ್ರೈವರು, ಐವತ್ತು ದಾಟಿದ ಮನುಷ್ಯ, ಇಳಿದು ಸೀಟಿನ ಕೆಳಗಿಂದ ರಾಡು ತೆಗೆದ. ಹಿಂದಿನ ಚಕ್ರಕ್ಕೆ ಒಂದೇಟು ಹಾಕಿದ. ತಲೆ ಓರೆ ಮಾಡಿದ. ಮುಂದಿನದಕ್ಕೆ ಹೋದ. ಇಳಿದು ಹೋಗಿ, ಏನು ಕೇಳಿಸಿಕೊಳ್ಳುತ್ತಿದ್ದೀರಿ ಅಂದೆ.

"ಗಾಳಿ ಎಷ್ಟೈತೆ ಅಂತ ಟೈರೇ ಹೇಳ್ತೈತೆ ಕಣವ್ವಾ. ಗಟ್ಟಿ ಇದ್ರೆ ಠಣ್ ಅಂತೈತೆ, ಕಮ್ಮಿ ಇದ್ರೆ ಡಬ್ ಅಂತೈತೆ. ಈ ಕಡೆಯೋಳಾಗಿ ಅಷ್ಟೂ ಗೊತ್ತಿಲ್ವಾ?"

ಗೊತ್ತಿತ್ತು. ಹುಟ್ಟಿದಾಗಿನಿಂದ ಇದೇ ಬಸ್ಸುಗಳಲ್ಲಿ ಓಡಾಡಿದ್ದೇನೆ, ಈ ಬಡಿತ ಸಾವಿರ ಸಲ ಕೇಳಿದ್ದೇನೆ. ಆದರೆ ಬಡಿದವನು ಪಾನಾದಲ್ಲಿ ಅಣ್ಣನಿಗೆ ಹೊಡೆದವನು ಎಂದು ತಿಳಿದ ಮೇಲೆ ನನಗೆ ಟೈರು ಕಾಣಲಿಲ್ಲ, ರೋಗ ಕಂಡಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ರೋಗಿಯ ಗ್ರಹಿಕೆ ಹೇಗೆ ತಪ್ಪುತ್ತದೆ ಎಂದು ವರ್ಷಗಟ್ಟಲೆ ಓದಿದವಳು ನಾನು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮನೆಗೆ ಹೋಗಿ ಅವ್ವನಿಗೆ ಹೇಳಿದರೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಸಂತೇಲಿ ನಾನೂ ಗಡಿಗೆ ಬಡ್ದು ಕಿವಿ ಕೊಟ್ಟು ನೋಡ್ತೀನಲ್ಲ, ನನ್ನೂ ಬರ್ಕೊಂತೀಯೇನೇ?"

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋದೆ. ಅಣ್ಣನೊಬ್ಬನೇ ಇದ್ದ. ನಾನು ಬರೆದದ್ದನ್ನು ಮುಚ್ಚುಮರೆಯಿಲ್ಲದೆ ಓದಿ ಹೇಳಿ, ತಪ್ಪಾಯಿತು ಅಂದೆ. ಬೈಯಬಹುದು, ಇಲ್ಲ ನಗಬಹುದು ಅಂದುಕೊಂಡಿದ್ದೆ. ಆತ ಎರಡೂ ಮಾಡದೆ ಹಳೆ ಟೈರಿನ ಮೇಲೆ ಕೂತುಬಿಟ್ಟ.

"ಪೂರಾ ಉಲ್ಟಾ ಬರ್ದೀರಿ ಮೇಡಂ," ಅಂದ. "ಆವಾಗ ಅದಾಗೋಕೆ ಮುಂಚೆ ಹತ್ತು ಹನ್ನೆರಡು ದಿನ ಅವ್ನು ಟೈರು ಬಡಿಯೋದೇ ಬಿಟ್ಟಿದ್ದ. ರಾಡು ಹಿಡ್ಕೊಂಡು ಸುಮ್ನೆ ನಿಂತಿರೋನು. ನಾನು ಕೆಲಸಗಳ್ಳ ಅಂತ ಬೈದೆ. ದಿನಾ ಬೈದೆ." ಕೂದಲೊಳಗಿನ ಗಾಯದ ಗೆರೆಯ ಮೇಲೆ ಬೆರಳಾಡಿಸಿದ. "ಆವಾಗ್ಲೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ರೆ ಇದು ಆಗ್ತಿರ್ಲಿಲ್ಲ."

ಆದರೂ ಹಾಳೆಯಲ್ಲಿದ್ದ ಪ್ರಶ್ನೆ ಕೇಳಲೇಬೇಕಿತ್ತು: ನಿಮಗೆ ಅವನ ಭಯ ಇದೆಯಾ?

"ಇತ್ತು, ಸುಳ್ಳು ಯಾಕೆ ಹೇಳ್ಲಿ? ಮನೆಗೆ ಬಂದ ವಾರ ಪಾನಾ ಎಲ್ಲಾ ಬೀಗ ಹಾಕಿಟ್ಟಿದ್ದೆ. ಆಮೇಲೆ ಸಣ್ಣವು ಕೊಟ್ಟೆ. ಆಮೇಲೆ ದೊಡ್ಡವು ಕೊಟ್ಟೆ."

"ಈಗ?"

ಉತ್ತರ ಬರುವ ಮೊದಲೇ ಶೇಂಗಾ ಹಿಂಡಿ ಹೇರಿದ ಲಾರಿಯೊಂದು ಬಂತು. ಮನೆಯಿಂದ ತಮ್ಮನೂ ಬಂದ, ನನ್ನ ಕಡೆ ತಲೆಯಾಡಿಸಿ ಕೆಲಸಕ್ಕೆ ನಿಂತ. ಅಣ್ಣ ಗೋಣಿಚೀಲ ಹಾಸಿ ಲಾರಿಯ ಅಡಿಗೆ ಜಾರಿಕೊಂಡ. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಕಾಲು ಮಾತ್ರ. ತಮ್ಮ ಜಾಕ್ ಇಟ್ಟು ಹಿಡಿ ಒತ್ತತೊಡಗಿದ. ಮರದ ದಿಮ್ಮಿ ಆನಿಸುವ ತನಕ ಅಷ್ಟೂ ಭಾರ ಜಾಕಿನ ಮೇಲೇ ಇರುತ್ತದೆ. ಜಾಕ್ ಹಿಡಿದವನ ಕೈ ಒಂದು ಸುತ್ತು ಆ ಕಡೆ ತಿರುಗಿದರೆ ಅಡಿಯಲ್ಲಿರುವವನ ಕತೆ ಮುಗಿಯಿತು.

"ಥೋಡಾ ಉಠಾ," ಅಂತ ಅಡಿಯಿಂದ ಅಣ್ಣನ ದನಿ. ತಮ್ಮ ಇನ್ನೊಂದಿಷ್ಟು ಎತ್ತಿದ. ದಿಮ್ಮಿಗಳನ್ನು ಒಂದೊಂದಾಗಿ ತಳ್ಳಿ, ಒಂದೊಂದನ್ನೂ ಅಲ್ಲಾಡಿಸಿ ನೋಡಿ, ಆಮೇಲೆ ಜಾಕಿನಿಂದ ಕೈ ತೆಗೆದ.

ಲಾರಿಯ ಅಡಿಯಿಂದಲೇ ನನ್ನ ಪ್ರಶ್ನೆಗೆ ಉತ್ತರ ಬಂತು. "ಈಗ ಜಾಕು ಕೊಟ್ಟೀನಿ ಮೇಡಂ. ಅದನ್ನ ಬರ್ಕೊಳ್ರಿ."

ಬಡಿದದ್ದಕ್ಕೂ ಕಿವಿಗೊಟ್ಟದ್ದಕ್ಕೂ ಹಾಕಿದ್ದ ಎರಡೆರಡನ್ನು ಹೊಡೆದು ಹಾಕಿದೆ. ಆಯುಧದ ಎರಡನ್ನು ಹಾಗೇ ಬಿಟ್ಟೆ, ಪಾನಾ ಪಾನಾನೇ. ಒಟ್ಟು ಮಧ್ಯಮಕ್ಕೆ ಇಳಿಯಿತು. ಕೊನೆಯ ಹಾಳೆಯ ಅಂಚಿನಲ್ಲಿ ಬರೆದೆ: ಇವನು ಟೈರು ಬಡಿಯುವುದನ್ನು ನಿಲ್ಲಿಸಿದರೆ ತಡಮಾಡದೆ ಕರೆತರಬೇಕು. ಸಂಶೋಧನೆ ನಡೆಸುತ್ತಿದ್ದ ನಮ್ಮ ಗುರುಗಳು ಕನ್ನಡಕ ಮೇಲೇರಿಸಿ ಅದನ್ನು ಎರಡು ಸಲ ಓದಿದರು. ಉಗಿಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದೆ. "ಇದನ್ನ ಅಂಚಿನಲ್ಲಿ ಯಾಕಮ್ಮ ಬರೆದೆ? ಮೊದಲನೇ ಸಾಲಾಗಿ ಬರಿ," ಅಂದರು. ತಮ್ಮನನ್ನು ವಾರ್ಡಿಗೆ ಕರೆಯಲಿಲ್ಲ, ಅವನು ಮನೆಯಲ್ಲೇ ಉಳಿದ.

ನಾಲ್ಕು ವರ್ಷದ ಮೇಲೆ ಒಂದು ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಅಣ್ಣ ಎದುರಾದ. ತಮ್ಮನು ಮತ್ತೆ ರಾಡು ಹಿಡಿದು ಸುಮ್ಮನೆ ನಿಂತ ಮೂರನೇ ದಿನವೇ ಗ್ಯಾರೇಜಿನ ಬಾಗಿಲು ಹಾಕಿ ಕರೆತಂದಿದ್ದ. ಮಾತ್ರೆ ಬದಲಾಯಿಸಿದರು, ತಿಂಗಳೊಳಗೆ ಇಬ್ಬರೂ ವಾಪಸ್ಸು ಹೋದರು. ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಹೊರಡುವಾಗ ಅಣ್ಣ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಈ ಸಲ ಬೈಲಿಲ್ಲ ಮೇಡಂ."

ಅದೇ ವರ್ಷ ಇನ್ನೊಂದು ಮನೆಯವರನ್ನು ಕಾಣಲು ದೇವಸಮುದ್ರಕ್ಕೆ ಹೊರಟಿದ್ದೆ. ಚಳ್ಳಕೆರೆಯಲ್ಲಿ ಬಸ್ಸು ಅವರ ಗ್ಯಾರೇಜಿನ ಪಕ್ಕದಲ್ಲೇ ನಿಂತಿತ್ತು. ಲಾರಿಯ ಅಡಿಯಿಂದ ಚಾಚಿದ ಎರಡು ಕಾಲು ನೋಡಿ ಖುಷಿಯಾಯಿತು. ಆ ಕಾಲುಗಳಿಗೇ ನಮಸ್ಕಾರ ಹೇಳಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟೆ. ತಮ್ಮ ರಾಡು ಹಿಡಿದು ಓಡಿ ಬಂದ. ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನದಕ್ಕೆ ಬಡಿದು ತಲೆ ಓರೆ ಮಾಡಿದ. ಡಬ್ ಅಂದದ್ದು ನನಗೂ ಕೇಳಿಸಿತು.

"ಹತ್ತಬ್ಯಾಡ್ರಿ ಮೇಡಂ," ಅಂದ. ಇಷ್ಟು ವರ್ಷದಲ್ಲಿ ಅವನಾಗಿ ನನ್ನೊಂದಿಗೆ ಆಡಿದ ಮೊದಲ ಮಾತು.

"ಏನೂ ಆಗಲ್ಲ, ಬರ್ರಿ, ಟೈಮಾತು," ಅಂತ ಕಂಡಕ್ಟರು ಸೀಟಿ ಊದಿದ.

ಮೆಟ್ಟಿಲಿಂದ ಇಳಿದೆ. ನನ್ನನ್ನು ನೋಡಿ ಇನ್ನೂ ನಾಲ್ಕು ಜನ ಇಳಿದರು. ಕಂಡಕ್ಟರು ಗೊಣಗುತ್ತಾ ಡ್ರೈವರನ್ನು ಕರೆದ. ಡ್ರೈವರು ತಾನೂ ಒಂದೇಟು ಹಾಕಿ ಕೇಳಿ, ಬಸ್ಸನ್ನು ಗ್ಯಾರೇಜಿನ ಮುಂದಕ್ಕೆ ತಂದ. ತಮ್ಮ ಗಾಳಿ ತುಂಬಿದ. ಮತ್ತೆ ಬಡಿದು, ಕಣ್ಣು ಮುಚ್ಚಿ, ಕೇಳಿಸಿಕೊಂಡ. ಅಷ್ಟೂ ಹೊತ್ತು ನಾನು ರಸ್ತೆ ಬದಿಯ ಸ್ಟೂಲು ಬಿಟ್ಟು ಅವನ ಪಕ್ಕದಲ್ಲೇ ನಿಂತಿದ್ದೆ.

"ಈಗ ಹತ್ರಿ," ಅಂದ.

ಹತ್ತಿದೆ.