ಕನ್ನಡಕ ಹಾಕಿಕೊಂಡು ಓದಿದ ಸುದ್ದಿ

“ಅಮ್ಮಾ, ಕೆಳಗಿನ ಮನೆ ತಾತ ಕನ್ನಡಕ ಹಾಕ್ಕೊಂಡ್ರೆ ಅಜ್ಜಿ ಯಾಕೆ ಕಿಟಕಿ ಮುಚ್ತಾಳೆ?”

ಆ ತಾತ ಗೇಟಿನ ಹತ್ತಿರ ನಿಂತು ಹಾಲಿನ ಪ್ಯಾಕೆಟ್ಟಿನ ತಾರೀಕು ಓದುತ್ತಿದ್ದ, ಅಷ್ಟೇ. “ಬಿಸಿಲು ಬರುತ್ತಲ್ಲ, ಅದಕ್ಕೆ” ಎಂದು ಮಗಳ ಜಡೆ ಬಿಗಿದೆ. ನಿಜವನ್ನು ಇಲ್ಲಿ ಬರೆದಿಡುತ್ತೇನೆ, ದೊಡ್ಡವಳಾದ ಮೇಲೆ ಓದಿಕೊಳ್ಳಲಿ.

ಅವನು ಸರ್ಕಾರಿ ಟಿವಿಯಲ್ಲಿ ವಾರ್ತೆ ಓದುತ್ತಿದ್ದವನು. ಆಗ ಇದ್ದದ್ದು ಅದೊಂದೇ ಚಾನೆಲ್, ದೇಶ ಆಳುತ್ತಿದ್ದವನೂ ಒಬ್ಬನೇ ಸೇನಾಧಿಕಾರಿ. ಹವಾಮಾನ, ಆಟೋಟದ ಸುದ್ದಿಯೆಲ್ಲ ಸ್ಟುಡಿಯೋದಲ್ಲಿ ಅವನೆದುರಿನ ಪರದೆಯ ಮೇಲೆ ದಪ್ಪಕ್ಷರದಲ್ಲಿ ಬರುತ್ತಿತ್ತು, ಬರಿಗಣ್ಣಿಗೆ ಸಾಕು. ಮೇಲಿನವರ ಅಪ್ಪಣೆ ಮಾತ್ರ ಕೊನೆ ಗಳಿಗೆಯಲ್ಲಿ ಸಣ್ಣಕ್ಷರದ ಹಾಳೆಯಾಗಿ ಅವನ ಕೈಗೆ ಬೀಳುತ್ತಿತ್ತು. ಅದಕ್ಕೆ ಕನ್ನಡಕ ಬೇಕು. ಇದು ಊರಿಗೆಲ್ಲ ಗೊತ್ತು. ಅವನ ಕೈ ಜೇಬಿಗೆ ಹೋದದ್ದೇ ನನ್ನ ಅಮ್ಮ ಎದ್ದು ಕಿಟಕಿ ಹಾಕುತ್ತಿದ್ದಳು. ಕೇಳುವಾಗಿನ ನಮ್ಮ ಮುಖ ಬೀದಿಗೆ ಕಾಣಬಾರದು.

ಒಂದು ಸಂಜೆ ಆ ಹಾಳೆಯಲ್ಲಿ ಅಪ್ಪನ ಹೆಸರಿತ್ತು. ಬಸ್ ಚಾಲಕರ ಮುಷ್ಕರಕ್ಕೆ ಮುಂದೆ ನಿಂತಿದ್ದ ಅಪ್ಪ, “ಹೊರದೇಶದವರ ಕಾಸು ತಿಂದ ದ್ರೋಹಿ” ಆಗಿಹೋದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಓದಿದ ಮಹಾರಾಯ. ಜೈಲಿಗೆ ಹೋದ ಅಪ್ಪ ಬರಲಿಲ್ಲ.

ಕೊನೆಗೊಮ್ಮೆ ಆ ಸೇನಾಧಿಕಾರಿ ದೇಶ ಬಿಟ್ಟು ಓಡಿದ. ಚಾನೆಲ್‌ಗಳು ನಾಯಿಕೊಡೆಯಂತೆ ಎದ್ದವು. ಇನ್ನು ಈ ಅರಮನೆ ಗಿಳಿಯ (ಅಮ್ಮ ಇಟ್ಟ ಹೆಸರು) ಕಥೆ ಮುಗಿಯಿತು ಅಂದುಕೊಂಡೆವು. ಎಲ್ಲಿ ಮುಗಿಯುತ್ತದೆ! ಮನೆಮನೆಗೂ ಗುರುತಿರುವ ದನಿಯೆಂದು ಖಾಸಗಿ ಚಾನೆಲ್ಲೊಂದು ಎತ್ತಿಕೊಂಡಿತು. ಸರ್ಕಾರಿ ಕ್ವಾರ್ಟರ್ಸ್ ಕೈತಪ್ಪಿ, ನಮ್ಮ ಕೆಳಗಿನ ಮನೆಗೇ ಬಾಡಿಗೆಗೆ ವಕ್ಕರಿಸಿದ. ಈಗ ದಿನಾ ಮೇಜು ಕುಟ್ಟಿ “ಜನಕ್ಕೆ ಉತ್ತರ ಬೇಕು!” ಎಂದು ಅರಚುತ್ತಾನೆ. ನಮ್ಮ ಬಾಯಿ ಹೊಲಿದವನೇ ಈಗ ನಮ್ಮ ಬಾಯಿ.

ಮೊನ್ನೆ ಎದುರಾಳಿ ಚಾನೆಲ್ಲಿನವರು ಆ ಹಳೆಯ ವಾರ್ತೆಯನ್ನು ಹುಡುಕಿ ತೆಗೆದು, ಅಪ್ಪನ ಫೋಟೊ ಸಮೇತ ಹಾಕಿದರು. ಇವತ್ತು ಒಗೆದ ಬಟ್ಟೆಯ ಬಕೆಟ್ ಹಿಡಿದು ಬರುತ್ತಿದ್ದೆ, ಮೆಟ್ಟಿಲಿಗೆ ಅಡ್ಡ ನಿಂತ.

“ಕೆಲಸ ಹೋಗೋ ಹಾಗಿದೆ, ನೋಡಮ್ಮ. ನಿಮ್ಮ ತಾಯಿ ಟಿವೀಲಿ ನನ್ನ ಪಕ್ಕ ಕೂತು, ‘ಹೋಗ್ಲಿ ಬಿಡಿ’ ಅಂದ್ರೆ ಸಾಕು. ಕಾರು ಕಳಿಸ್ತೀವಿ.”

“ಅಪ್ಪನಿಗೂ ಕಾರೇ ಕಳಿಸಿದ್ರು.”

ಗಂಟಲು ಸರಿಮಾಡಿಕೊಂಡ. “ನಾನು ಬರೀ ಓದಿದ್ದಮ್ಮ. ಬರೆದೋರು ಬೇರೆ.”

“ಹಾಗಾದ್ರೆ ಇನ್ನೊಂದು ಓದಿ. ‘ಅವತ್ತು ಹೇಳಿದ್ದು ಸುಳ್ಳು, ಸುಳ್ಳು ಅಂತ ಗೊತ್ತಿದ್ದೇ ಹೇಳ್ದೆ’ ಅಂತ. ಆಮೇಲೆ ಅಮ್ಮನ್ನ ಕೇಳೋಣ.”

ಬೈದು ಹೋಗುತ್ತಾನೆ ಅಂದುಕೊಂಡೆ. ಬಕೆಟ್ಟಿನ ಹಿಡಿ ನನ್ನ ಬೆರಳು ಕತ್ತರಿಸುತ್ತಿತ್ತು, ಕೆಳಗಿಡಲಿಲ್ಲ.

“ಆಯ್ತು, ಓದ್ತೀನಿ. ಆದ್ರೆ ಸ್ವಂತದ್ದು ಹೇಳೋಕೆ ನಂಗೆ ನಾಲಿಗೆ ಏಳಲ್ಲ. ಈಗ ಅರಚೋದನ್ನೂ ಯಾರೋ ಬರೆದುಕೊಡ್ತಾರೆ. ನೀವೇ ನಾಲ್ಕು ಸಾಲು ಬರೆದುಕೊಡ್ತೀರೇನಮ್ಮ? ಸ್ವಲ್ಪ ದಪ್ಪಕ್ಷರದಲ್ಲಿ ಬರೀರಿ. ಚಾನೆಲ್ಲಿನೋರು ಕನ್ನಡಕ ಹಾಕ್ಕೋಬೇಡಿ ಅಂದಿದಾರೆ.”