ಗೂಬೆಯನ್ನು ಹುಡುಕಿಕೊಂಡು ಹೋದ ಬ್ಲೇಡಕ್ಕ

ಆಶಾರಾಣಿ ರೇಷ್ಮೆ ಹುಳ ಸಾಕುವವಳು. ದೇವರಾಯಸಮುದ್ರದಲ್ಲಿ ಮನೆ, ಹಿತ್ತಲಿಗೆ ಹಿಪ್ಪುನೇರಳೆ ತೋಟ, ಪಕ್ಕದಲ್ಲಿ ಹುಳದ ಮನೆ. ಊರಿನವರ ಲೆಕ್ಕದಲ್ಲಿ ಅವಳ ಬದುಕು ಇಷ್ಟಕ್ಕೇ ಮುಗಿಯಿತು. ಆದರೆ ಗಂಡ ಅಮರನಾಥ್ ಮುಳಬಾಗಿಲಿನಲ್ಲಿ ನಡೆಸುತ್ತಿದ್ದ ಸೈಬರ್ ಸೆಂಟರ್ ಮುಚ್ಚಿದಾಗ ಒಂದು ಕಂಪ್ಯೂಟರ್ ಮನೆಗೆ ಬಂತು, ಅದರ ಹೊಟ್ಟೆಯಲ್ಲಿ 'ಕ್ರೋಮ್ ಹಾರ್ಬರ್' ಎಂಬ ಆಟವೂ ಬಂತು. ಸದಾ ಮಳೆ ಸುರಿಯುವ ಒಂದು ನಗರ. ಅಲ್ಲಿನ ಜನ ಅರ್ಧ ಮನುಷ್ಯರು, ಅರ್ಧ ಯಂತ್ರ. ಅವರ ಕಣ್ಣು ಕೂಡ ಯಾವುದೋ ಕಂಪನಿಯ ಸ್ವತ್ತು. ಹುಳಕ್ಕೆ ಸೊಪ್ಪು ಹಾಕಿದ ಮೇಲಿನ ಬಿಡುವಿಗೆಂದು ಅದರ ಮುಂದೆ ಕೂತವಳು ಅದರ ನಾಲ್ಕೂ ಭಾಗಗಳನ್ನು ಆಡಿ ಮುಗಿಸಿದಳು. ಸೊಸೆ ಒಬ್ಬಳೇ ಕೂತು ಯಾರನ್ನೋ ಬಯ್ಯುವುದನ್ನು ಕೇಳಿ ಅತ್ತೆ ಶಾಮಲಮ್ಮ ಒಂದು ಸಲ ದೃಷ್ಟಿ ತೆಗೆದದ್ದೂ ಉಂಟು.

ಆ ಆಟದ ಹುಚ್ಚರದೇ ಒಂದು ಗುಂಪಿತ್ತು, ಹೆಸರು 'ಕ್ರೋಮ್ ಕೋಲಾರ'. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲ ಈ ಸುತ್ತಿನವರೇ. ಸಂಜೆ ಹೆಡ್‌ಫೋನ್ ಹಾಕಿಕೊಂಡರೆ ಅರ್ಧ ಕನ್ನಡ, ಅರ್ಧ ತೆಲುಗು, ನಡುನಡುವೆ ಗುಂಡಿನ ಸದ್ದು. ಗುಂಪಿನ ಕಟ್ಟುಪಾಡು ಒಂದೇ: ಯಾರೂ ಯಾರ ನಿಜವಾದ ಹೆಸರು, ಊರು, ಜಾತಿ ಕೇಳಬಾರದು. ಹೊಸಬರು ಕಂಡರೆ 'ನೀವು ಯಾರ ಪೈಕಿ' ಎಂದೇ ಮಾತು ಶುರುಮಾಡುವ ಸೀಮೆಯಲ್ಲಿ ಅದು ಸಣ್ಣ ಸುಖವಲ್ಲ. ಅಲ್ಲಿ ಆಶಾರಾಣಿ ಬ್ಲೇಡಕ್ಕ. ಅವಳ ಜೊತೆ ಜೋಡಿಯಾಗಿ ಆಡುತ್ತಿದ್ದವನು ಗೂಬೆ.

ಹೊಸ ಭಾಗ ಬರುವ ಮುಂಚೆ ಆಟಗಾರರು ಹಳೆಯ ಭಾಗದಲ್ಲಿ ಗಳಿಸಿದ್ದನ್ನೆಲ್ಲ ಹಂಚಿಬಿಡುವುದು ಆ ಗುಂಪಿನ ರೂಢಿ. ಐದನೇ ಭಾಗ ಇನ್ನೇನು ಬರುವುದರಲ್ಲಿತ್ತು. ಗೂಬೆ ತನ್ನ ಬಂದೂಕುಗಳನ್ನು ಹಂಚಿದ, ಬಂದರಿನ ಮೇಲಿದ್ದ ಮನೆ ಕೊಟ್ಟ. ಯಾರೂ ಮುಟ್ಟದ ಹಾಗೆ ಕಾಪಾಡಿಕೊಂಡಿದ್ದ ಕರಿ ಬೈಕನ್ನು ಬ್ಲೇಡಕ್ಕನಿಗೆ ಕೊಟ್ಟ. ಎಲ್ಲರೂ 'ಥ್ಯಾಂಕ್ಸ್ ಮಚ್ಚಾ' ಎಂದು ಬರೆದರು. ಆಶಾರಾಣಿ ಇನ್ನೂ ಮುಂದೆ ಹೋಗಿ 'ಭಲೇ ಗೂಬೆ' ಎಂದು ಬರೆದು, ಆ ಸಂಜೆಯೆಲ್ಲ ಬೈಕಿನಲ್ಲಿ ಬಂದರು ಸುತ್ತಿದಳು.

ಮಾರನೆಯ ಸಂಜೆ ಗೂಬೆ ಬರಲಿಲ್ಲ. ಅದರ ಮಾರನೆಯ ಸಂಜೆಯೂ ಬರಲಿಲ್ಲ. ಹೊಸ ಭಾಗಕ್ಕೆ ನಿದ್ದೆ ಕೂಡಿಡುತ್ತಿದ್ದಾನೆ ಎಂದು ಗುಂಪಿನವರು ನಕ್ಕರು.

ಬೆಳಿಗ್ಗೆ ಸೊಪ್ಪು ಹಾಕುವಾಗ ಆಶಾರಾಣಿಗೆ ಒಂದು ಹುಳ ಕಂಡಿತು. ನಾಲ್ಕನೇ ಜ್ವರ ಎದ್ದ, ಎಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳಗಳು ಮಳೆ ಬಿದ್ದ ಹಾಗೆ ಸದ್ದು ಮಾಡುತ್ತಾ ಮೇಯುತ್ತಿದ್ದವು. ಇದೊಂದು ಮಾತ್ರ ಸೊಪ್ಪು ಬಿಟ್ಟು ಅಂಚಿಗೆ ಬಂದು ತಲೆಯೆತ್ತಿಕೊಂಡಿತ್ತು. ಸೊಪ್ಪು ಬಿಟ್ಟ ಹುಳ ಬದುಕುವುದಿಲ್ಲವೆಂದು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಅದನ್ನು ಎತ್ತಿ ಬೇರೆ ಹಾಕುತ್ತಿದ್ದ ಹಾಗೇ ಗೂಬೆಯ ನೆನಪಾಯಿತು. ಗೂಬೆ ಹಂಚಿದ್ದನೇ ಹೊರತು ಹೊಸ ಭಾಗ ಬೇಕೆಂದು ಎಲ್ಲೂ ಹೆಸರು ಕೊಟ್ಟಿರಲಿಲ್ಲ. ಕೇಳಿದಾಗಲೆಲ್ಲ 'ನೋಡೋಣ ಅಕ್ಕ' ಎನ್ನುತ್ತಿದ್ದ. ಅವನು ನಗು ನಿಲ್ಲಿಸಿ ಎಷ್ಟು ದಿನವಾಗಿತ್ತೋ, ಅವಳು ಗಮನಿಸಿರಲೇ ಇಲ್ಲ.

ಫೋನ್ ನಂಬರೂ ಗೊತ್ತಿಲ್ಲ, ಹುಡುಕುವುದು ಎಲ್ಲಿ? ಹೋದ ವರ್ಷ ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ಅವಳು ಹೇಳಿದ್ದ ಹೂವಿನಂಗಡಿಯಲ್ಲಿ ಬ್ಲೇಡಕ್ಕನಿಗೆಂದು ಅವನು ಒಂದು ಡಬ್ಬ ಮಾವಿನಹಣ್ಣು ಇಟ್ಟು ಹೋಗಿದ್ದ. ಆ ರಟ್ಟಿನ ಡಬ್ಬದಲ್ಲಿ ಈಗ ಅತ್ತೆ ಈರುಳ್ಳಿ ತುಂಬಿದ್ದರು. ಅದರ ಮೇಲೆ ಶ್ರೀನಿವಾಸಪುರದ ಒಂದು ಮಂಡಿಯ ಹೆಸರಿತ್ತು.

"ಹುಳ ಮೇಯೋ ಹೊತ್ತಲ್ಲಿ ಎಲ್ಲಿಗೇ ಹೊರಟೆ?" ಎಂದರು ಶಾಮಲಮ್ಮ.

"ಒಬ್ಬ ಹುಡುಗ ಬದುಕಿದಾನೋ ಇಲ್ವೋ ನೋಡ್ಕೊಂಡು ಬರ್ತೀನಿ ಅತ್ತೆ."

"ಯಾವ ಹುಡುಗ?"

"ಗೊತ್ತಿಲ್ಲ."

ಅತ್ತೆ ಬಾಯಿ ತೆರೆದರು. ಅಮರನಾಥ್ ಸೊಪ್ಪಿನ ಹೊರೆ ಇಳಿಸುತ್ತಾ, "ಹೋಗ್ಲಿ ಬಿಡಮ್ಮ, ಹುಳ ನಾನು ನೋಡ್ಕೋತೀನಿ" ಎಂದ.

ಬಸ್ಸು ಆಮೆಯ ಹಾಗೆ ತೆವಳಿತು. ಕೈ ಎತ್ತಿದವರಿಗೆಲ್ಲ ನಿಲ್ಲಿಸುತ್ತಿದ್ದ ಡ್ರೈವರನ್ನು ಅವಳು ಮನಸ್ಸಿನಲ್ಲೇ ಶಪಿಸಿದಳು. ತಡವಾಗಿದ್ದರೆ? ಆ ಮನೆಯವರಿಗೆ ಏನೆಂದು ಹೇಳುವುದು? ನಿಮ್ಮ ಮಗ ಎಲ್ಲ ಕೊಟ್ಟುಬಿಟ್ಟ, ನಾನು ಭಲೇ ಎಂದೆ ಎನ್ನುವುದೇ?

ಮಂಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತೋತಾಪುರಿ ರಾಶಿ, ಲಾರಿ, ಹರಾಜಿನ ಕೂಗು. ಡಬ್ಬಗಳಿಗೆ ಹುಲ್ಲು ಹಾಸುತ್ತಿದ್ದ ಗಂಗರತ್ನಮ್ಮ ಎಂಬಾಕೆ ತಲೆಯೆತ್ತಿದಳು.

"ಯಾರ್ ಬೇಕಮ್ಮಾ?"

"ಒಬ್ಬ ಹುಡುಗ."

"ಹೆಸರೇನು? ಯಾರ ಪೈಕಿ?"

ಆಶಾರಾಣಿ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಇಷ್ಟು ಕಾಲ ಹಿತವಾಗಿದ್ದ ಆ ಕಟ್ಟುಪಾಡಿನ ಮೇಲೆ ಅವಳಿಗೆ ಈಗ ಕೆಟ್ಟ ಸಿಟ್ಟು ಬಂತು.

"ಏಮ್ಮಾ, ಏನೂ ಗೊತ್ತಿಲ್ದೆ ಹುಡುಕ್ಕೊಂಡು ಬಂದ್ಯಾ?"

ಗೊತ್ತಿದ್ದದ್ದು ಒಂದೇ. ನಾಚಿಕೆ ಬಿಟ್ಟು ಅದನ್ನೇ ಕೂಗಿದಳು. "ಲೇ ಗೂಬೆ!"

ಮಂಡಿಯೆಲ್ಲ ಘೊಳ್ಳೆಂದಿತು. "ಇಲ್ಲಿರೋರೆಲ್ಲ ಗೂಬೆಗಳೇ ಅಕ್ಕ, ಯಾರು ಬೇಕು ಆರಿಸ್ಕೋ" ಎಂದ ಒಬ್ಬ. ಅವಳು ಮತ್ತೆ ಕೂಗಿದಳು. ಈ ಸಲ ದನಿ ಒಡೆಯಿತು, ನಗುವವರೂ ಸುಮ್ಮನಾದರು.

ರಾಶಿಯ ಹಿಂದಿನಿಂದ ಒಬ್ಬ ಎದ್ದು ನಿಂತ. ಗಡ್ಡ ಬಿಟ್ಟ, ಸಣಕಲು ಆಳು. "ಬ್ಲೇಡಕ್ಕ?"

ಅದೇ ದನಿ. ಹತ್ತಿರ ಹೋದಾಗ ಅಪ್ಪಿಕೊಳ್ಳಬೇಕೋ ಕೆನ್ನೆಗೆ ಬಾರಿಸಬೇಕೋ ತಿಳಿಯದೆ, "ಬೈಕ್ ಯಾಕೋ ಕೊಟ್ಟೆ?" ಎಂದಳು.

ಅವನು ನೆಲ ನೋಡಿದ. "ಎಲ್ರೂ ಥ್ಯಾಂಕ್ಸ್ ಅಂದ್ರಿ ಅಕ್ಕ. ಯಾಕೆ ಅಂತ ಯಾರೂ ಕೇಳ್ಲಿಲ್ಲ."

ಅವಳು ಹುಲ್ಲಿನ ಮೇಲೆ ಕುಸಿದು ಕೂತಳು, ಅವನನ್ನೂ ಕೂರಿಸಿದಳು. ಗಂಗರತ್ನಮ್ಮ ತನ್ನ ನೀರಿನ ಬಾಟಲಿ ಇಟ್ಟು, ಉಳಿದವರನ್ನು ಗದರಿಸಿ ಆಚೆ ಕಳಿಸಿದಳು.

"ಸಾಯೋ ಯೋಚನೆ ಮಾಡಿದ್ಯೇನೋ?" ಆಶಾರಾಣಿ ಮೆಲ್ಲಗೆ ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ. "ಈಗ್ಲೂ ಬರುತ್ತೆ ಅಕ್ಕ, ಆ ಯೋಚನೆ."

ಮಾವಿನ ಸೊನೆಗೆ ಕಪ್ಪಾಗಿದ್ದ ಅವನ ಮಣಿಕಟ್ಟನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. "ನೀನಿಲ್ದೆ ನನಗ್ಯಾಕೋ ಆ ಬೈಕು? ಮೊದ್ಲು ಏನಾದ್ರೂ ತಿನ್ನು. ಆಮೇಲೆ ಕೋಲಾರದ ದೊಡ್ಡಾಸ್ಪತ್ರೆಗೆ ಹೋಗೋಣ. ಈ ಯೋಚನೆಗೂ ಡಾಕ್ಟ್ರು ಇದಾರೆ ಕಣೋ. ನಾನೂ ಜೊತೆಗಿರ್ತೀನಿ." ಎದ್ದವಳು ಅಲ್ಲೇ ನಿಂತಳು. "ಅಲ್ಲಿ ಚೀಟಿ ಬರೆಸ್ಬೇಕು. ನಿನ್ನ ಹೆಸರೇನೋ?"

ಅವನ ಮುಖ ಮುದುಡಿ, ಕಣ್ಣೀರು ಹರಿಯಿತು. "ಕದಿರೇಶ್" ಎಂದ. "ನಿಮ್ದು?"

"ಆಶಾರಾಣಿ. ಏಳು ಕದಿರೇಶ, ಬಸ್ಸು ಹೊರಟುಬಿಡುತ್ತೆ."