ಕಾವಿಗೆ ಕೂತ ಹೇಂಟೆಗೆ ಬಿಳಿ ಪುಡಿ

ಮನೆಯಲ್ಲಿ ಕೋಳಿ ಸಾಕುವವರೆಲ್ಲ ಇದನ್ನೊಂದು ಓದಿಕೊಳ್ಳಿ. ಕಾವಿಗೆ ಕೂತ ನಮ್ಮ ಹೇಂಟೆಗೆ ಹೇನು ಹತ್ತಿತ್ತು. ಸೊಸೆ ಸಿರಸಿ ಪೇಟೆಯಿಂದ ಡಯಾಟಮ್ ಮಣ್ಣು ಎಂಬ ಬಿಳಿ ಪುಡಿ ತಂದಳು. ನಿನ್ನೆ ಸಂಜೆ ತನ್ನ ಮೂಗಿಗೆ ಸೆರಗು ಕಟ್ಟಿಕೊಂಡು, ಹೇಂಟೆ ಕಾವು ಕೂತ ಬುಟ್ಟಿಯೊಳಗೆ ಬೊಗಸೆಗಟ್ಟಲೆ ಎರಚಿ, ಕಾಡುಬೆಕ್ಕಿನ ಹೆದರಿಕೆಗೆ ಎಂದಿನಂತೆ ಮೇಲೆ ಗೋಣಿ ಹೊದೆಸಿದಳು.

ಇವತ್ತು ಬೆಳಿಗ್ಗೆ ಗೋಣಿ ಎತ್ತಿದ್ದೇ ತಡ, ಹೇಂಟೆ ಗೊರಗೊರ ಎನ್ನುತ್ತ ಹೊರಗೆ ಹಾರಿತು.

"ವಿಷ ಅಲ್ಲ ಅಂದಿದ್ರು ಅತ್ತೆ, ಅಂಗಡಿಯವ್ರು."

"ಮತ್ತೆ ನಿನ್ನ ಮೂಗಿಗೆ ಸೆರಗು ಎಂತಕ್ಕೆ ಮಾರಾಯ್ತಿ?"

"ಧೂಳು ಗಂಟಲಿಗೆ ಹೋಗ್ತದೆ ಅಂತ..."

"ಅದಕ್ಕೆ ಗಂಟಲಿಲ್ವಾ? ಗಾಳಿ ಆಡೋ ಅಂಗಳದಲ್ಲಿ ಹಿಡ್ಕಂಡು, ಮುಖಕ್ಕೆ ತಾಗದ ಹಾಗೆ ಒಂದು ಚಿಟಿಕೆ ರೆಕ್ಕೆ ಅಡಿಗೆ ತಿಕ್ಕಿದ್ರೆ ಸಾಕಿತ್ತು!"

ಸೊಸೆ ಅಳುತ್ತ ಕೂತಳು. ಹೇಂಟೆ ಹಲಸಿನ ಬುಡದಲ್ಲಿ ಕೊಕ್ಕು ತೆರೆದುಕೊಂಡು ಏದುಸಿರು ಬಿಡುತ್ತ ನಿಂತಿದೆ. ಎಷ್ಟು ಕರೆದರೂ ಬುಟ್ಟಿಯ ಹತ್ತಿರ ಸುಳಿಯುತ್ತಿಲ್ಲ. ನಾಳೆಯೋ ನಾಡಿದ್ದೋ ಒಡೆಯಬೇಕಿದ್ದ ಮೊಟ್ಟೆಗಳು ತಣ್ಣಗಾಗಿವೆ. ಬೈಗುಳದ ಬಿಸಿಗೆ ಮರಿ ಆಗುವುದಿದ್ದರೆ ಇಷ್ಟು ಹೊತ್ತಿಗೆ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.